ಕೊನೆಯ ಸುತ್ತು

ಪ್ರಭುರಾಜಣ್ಣ,

ನೀನು ತೀರಿಕೊಂಡರೂ ನನ್ನ ಸಿಟ್ಟು ಇಳಿದಿಲ್ಲ. ಸೇನೆಯ ರೇಡಿಯೋಗಳಿಗೆ ವೈರು ಜೋಡಿಸಲು ನಮ್ಮ ನೇಕಾರರ ಊರು ಭಾಗ್ಯನಗರದಲ್ಲಿ ನಾವಿಬ್ಬರೂ ಪಾಲುದಾರರಾಗಿ ಕಟ್ಟಿದ ಕಾರ್ಖಾನೆಯನ್ನು ನನ್ನನ್ನು ಕೇಳದೆ ಹೈದರಾಬಾದಿನವರಿಗೆ ಮಾರಿದೆ. ಅವರನ್ನು ಪುಣೆಯವರು ಕೊಂಡರು. ಪುಣೆಯವರು ಇನ್ನೊಂದು ದೊಡ್ಡ ಕಂಪನಿಯಲ್ಲಿ ವಿಲೀನವಾದರು.

ನಿನ್ನೆ ಆ ಕಂಪನಿಯ ಇತಿಹಾಸ ಬರೆಯಲು ಶೈಲಶ್ರೀ ಎಂಬ ಇಂಜಿನಿಯರ್ ಬಂದಿದ್ದಳು. ವೈರಿನ ಕಟ್ಟಿಗೆ ಮೇಣದ ದಾರ ಸುತ್ತಿ ಗಂಟು ಹಾಕಿ ತೋರಿಸಿದಳು. ನಮ್ಮವ್ವ ಮಗ್ಗದಲ್ಲಿ ಹಾಕುತ್ತಿದ್ದ ಗಂಟು, ನಾನು ನಿನಗೆ ಕಲಿಸಿದ್ದು.

“ಅಮ್ಮಾರ, ಇದು ನಮ್ಮ ಪ್ರಭುರಾಜ ಸರ್ ಕಂಡುಹಿಡಿದ ಗಂಟ್ರಿ. ಈಗೂ ಎಲ್ಲಾರೂ ಹಿಂಗ ಕಟ್ತೀವ್ರಿ.”

ನಿನ್ನ ಹಾಗೆಯೇ ಕೊನೆಯ ಸುತ್ತು ಬಿಟ್ಟಿದ್ದಳು. ಅದಿಲ್ಲದೆ ಗಂಟು ಜಾರುತ್ತದೆ. ದಿನಾ ನೀನು ಮನೆಗೆ ಹೋದ ಮೇಲೆ ನಿನ್ನ ಗಂಟುಗಳನ್ನೆಲ್ಲ ಬಿಚ್ಚಿ ನಾನೇ ಮತ್ತೆ ಕಟ್ಟುತ್ತಿದ್ದೆ. ನಿನಗೆ ಹೇಳಿರಲಿಲ್ಲ. ಅವಳಿಗೂ ಹೇಳಲಿಲ್ಲ.

“ಭಾಳ ಛಲೋ ಕಟ್ಟಿದಿ ಬಿಡವಾ” ಎಂದೆ.

ಶಂಕ್ರಮ್ಮ