ಮಗಳು ಕಟ್ಟಿದ ದಾರ

ಮಾರ್ಚ್ ೫, ಪ್ಲೊವ್ದಿವ್

ಇನ್ನೂ ಮೈ ಉರಿಯುತ್ತಿದೆ. ಲೆಕ್ಕ ಬರೆಯುವ ಕೆಲಸಕ್ಕೆ ಸಂದರ್ಶನವೆಂದು ಹೋದರೆ, ಆ ಮಹಾತಾಯಿ ಸ್ತೊಯೆವಾ ನನ್ನ ಮುಖ ಬಿಟ್ಟು ಮಣಿಕಟ್ಟನ್ನೇ ನೋಡಿದಳು. ಮಾರ್ಚ್ ಒಂದರ ಹಬ್ಬಕ್ಕೆ ಮಗಳು ರಾಲಿತ್ಸಾ ಕಟ್ಟಿದ ಕೆಂಪು-ಬಿಳಿ ದಾರ, ಬರೀ ಗಂಟು ಗಂಟು.

“ಮಗು ಕಟ್ಟಿದ್ದಲ್ವಾ? ಅದಕ್ಕೆ ಜ್ವರ ಬಂದ್ರೆ ಆಫೀಸಿಗೆ ಯಾರಮ್ಮಾ ಬರೋದು?”

“ಅದನ್ನ ನೀವು ಕೇಳೋ ಹಾಗಿಲ್ಲ ಮೇಡಂ, ಕಾನೂನಿದೆ. ಕೆಲಸದ ಬಗ್ಗೆ ಕೇಳಿ, ಏನೂ ಮುಚ್ಚಿಡದೆ ಹೇಳ್ತೀನಿ.”

“ಕಾನೂನು ಮಾತಾಡೋರು ನಮಗೆ ಬೇಡಮ್ಮ.”

ಬಾಗಿಲು ತೋರಿಸಲು ಕೈ ಚಾಚಿದಳು. ಕೋಟಿನ ತೋಳು ಸರಿಯಿತು. ಅವಳ ಮಣಿಕಟ್ಟಿನಲ್ಲೂ ಅಂಥದ್ದೇ ಗಂಟು ಗಂಟು ದಾರ!

ನಾಳೆ ಇನ್ನೊಂದು ಕಡೆ ಸಂದರ್ಶನ. “ದಾರ ಬಿಚ್ಚಿಟ್ಟು ಹೋಗೇ” ಅಂತ ಅಮ್ಮ ಫೋನ್ ಮಾಡಿದ್ದಳು. ಮರ ಹೂಬಿಟ್ಟದ್ದು ಕಾಣುವ ಮೊದಲೇ ಬಿಚ್ಚಿದರೆ ಆಗಿಬರುವುದಿಲ್ಲ ಎಂದು ಕಲಿಸಿದವಳೇ ಅವಳು.

ಬಿಚ್ಚುವುದಿಲ್ಲ. ದಾರ ಕಾಣುವಂತೆ ಕೋಟಿನ ತೋಳು ಮಡಚಿಕೊಂಡೇ ಹೋಗುತ್ತೇನೆ. ಕೇಳಲಿ, ನೋಡೋಣ.