ಸೋಮವಾರದ ಸ್ನಾನ

ಶ್ರೀರಾಂಪುರ, ಮೈಸೂರು
೧೪ ಜುಲೈ ೨೦೨೪

ಪ್ರೀತಿಯ ಲೀಲಕ್ಕನಿಗೆ, ಚಂದ್ರಮೌಳಿಯ ಶರಣು.

ಹತ್ತು ದಿನದಿಂದ ನಿನ್ನ ಫೋನ್ ಎತ್ತಿಲ್ಲ, ಬಯ್ಯಬೇಡ. ಅಪ್ಪಾಜಿ ಪಕ್ಕದಲ್ಲೇ ಮಲಗಿರುತ್ತಾರೆ, ಕಿವಿ ಇನ್ನೂ ಚುರುಕು. ತಮ್ಮನಾದವನು ಅಕ್ಕನಿಗೆ ಬರೆಯುವ ಸಂಗತಿಯಲ್ಲ ಇದು. ಆದರೂ ಬರೆಯುತ್ತೇನೆ.

ಅಪ್ಪಾಜಿಗೆ ಮೂತ್ರದ ಪೈಪ್ ಹಾಕಿದ್ದಾರಲ್ಲ, ಅಲ್ಲಿ ದಿನಾ ಮುಂದೊಗಲನ್ನು ಹಿಂದಕ್ಕೆ ಸರಿಸಿ ತೊಳೆದು ಮತ್ತೆ ಮುಂದಕ್ಕೆ ತರಬೇಕು. ಎರಡು ವಾರದ ಹಿಂದೆ ಸೋಮವಾರ, ಸರಿಸಿದ್ದು ಹಾಗೇ ಉಳಿದುಬಿಟ್ಟಿತು. ಸ್ನಾನ, ಲಿಂಗಪೂಜೆ ಮುಗಿಯದೆ ಅವರು ಕಾಫಿಯನ್ನೂ ಮುಟ್ಟುವುದಿಲ್ಲ. ಅಂದು ಹೊತ್ತಾಗಿತ್ತು. ವಿಭೂತಿ, ಪತ್ರೆ ಇಟ್ಟು ಕೂರಿಸುವ ಅವಸರದಲ್ಲಿ ಮರೆತೇಹೋಯಿತು.

ಮಂಗಳವಾರ ಬೆಳಿಗ್ಗೆ, ನಂಜನಗೂಡಿನಿಂದ ನೀನೇ ಹುಡುಕಿ ಕಳಿಸಿದ ಹೋಂ ನರ್ಸ್ ಪುಟ್ಟಣ್ಣ ಪಂಚೆ ಸರಿಸಿದವನು ಗಾಬರಿಯಾಗಿ ನನ್ನನ್ನು ಕೂಗಿದ. ಚರ್ಮ ಉಂಗುರದ ಹಾಗೆ ಬಿಗಿದುಕೊಂಡಿತ್ತು, ತುದಿ ಬಾತುಹೋಗಿತ್ತು.

"ಯಾಕೆ ಹೇಳ್ಲಿಲ್ಲ ಅಪ್ಪಾಜಿ?" ಅಂದೆ.

"ಸೊಸೆ ಓಡಾಡ್ತಿದ್ಲು ಕಣಪ್ಪ, ಎಂಗೆ ಹೇಳ್ಲಿ" ಅಂದರು.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಮಾನಸ ಎಂಬ ಚಿಕ್ಕ ವಯಸ್ಸಿನ ಡಾಕ್ಟರಿದ್ದರು. ಅಪ್ಪಾಜಿ ಕಣ್ಣು ಮುಚ್ಚಿ ಕೊರಳಿನ ಲಿಂಗದ ಕರಡಿಗೆ ಹಿಡಿದುಕೊಂಡರು. ಡಾಕ್ಟರು ಮರಗಟ್ಟಿಸುವ ಜೆಲ್ ಹಚ್ಚಿ, ಗ್ಲೌಸಿನಲ್ಲಿ ಐಸ್ ತುಂಬಿಟ್ಟು, ಆಮೇಲೆ ಊತವನ್ನು ಹತ್ತು ನಿಮಿಷ ಮುಷ್ಟಿಯಲ್ಲಿ ಒತ್ತಿ ಹಿಡಿದರು. "ಇನ್ನೊಂಚೂರು ತಡ್ಕೊಳ್ಳಿ ಅಜ್ಜ." ಹೆಬ್ಬೆರಳುಗಳಿಂದ ತುದಿಯನ್ನು ಒಳಕ್ಕೆ ಒತ್ತುತ್ತಾ ಚರ್ಮವನ್ನು ಮುಂದಕ್ಕೆಳೆದರು. ಎರಡನೇ ಸಲಕ್ಕೆ ಜಾರಿ ತನ್ನ ಜಾಗಕ್ಕೆ ಬಂತು. ಅಪ್ಪಾಜಿ ಶಿವಾ ಎಂದು ಉಸಿರುಬಿಟ್ಟರು.

"ಇನ್ನೂ ತಡ ಆಗಿದ್ರೆ ರಕ್ತ ಓಡದೆ ಕೊಳ್ತೋಗ್ತಿತ್ತು. ನಿನ್ನೆ ತೊಳೆದಿದ್ದು ಯಾರು?" ಎಂದು ಡಾಕ್ಟರು ಕೇಳಿದರು.

ನಾನು ಪುಟ್ಟಣ್ಣನ ಕಡೆ ಕೈ ತೋರಿಸಿದೆ. ಅವನು ತಲೆ ತಗ್ಗಿಸಿ ನಿಂತಿದ್ದ. ಅವನನ್ನು ಕೆಲಸದಿಂದ ಬಿಡಿಸಲೇಬೇಕೆಂದು ನನ್ನ ಹೆಂಡತಿ ಪವಿತ್ರ ಹಟ ಹಿಡಿದಳು, ಬಿಡಿಸಿದೆ. "ಆಯ್ತು ಬುಡಿ ಸಾ" ಎಂದು ಅಪ್ಪಾಜಿಯ ಕಾಲು ಮುಟ್ಟಿ ಹೋದ.

ಊತ ಪೂರ್ತಿ ಇಳಿದಿದೆ. ಅಪ್ಪಾಜಿ ನಿನ್ನ ಮಕ್ಕಳನ್ನು ಹರಸಿದ್ದಾರೆ. ನಿನ್ನ ಹರಕೆ ಕೇಳುವ ಮುಖ ನನಗಿಲ್ಲ.

ನಿನ್ನ ತಮ್ಮ,
ಚಂದ್ರಮೌಳಿ

ವಿ.ಸೂ.: ಆ ಸೋಮವಾರ ಪುಟ್ಟಣ್ಣನ ಬಸ್ಸು ತಡವಾಗಿತ್ತು. ಅವನು ಬರುವ ಹೊತ್ತಿಗೆ ಪೂಜೆಯೂ ಮುಗಿದಿತ್ತು. ತೊಳೆದವನು ನಾನು. ಅದು ಅವನಿಗೂ ಗೊತ್ತು, ಅಪ್ಪಾಜಿಗೂ ಗೊತ್ತು. ಈಗ ನಾನು ದಿನಾ ಬಿಸಿನೀರು ಹಿಡಿದು ಹೋದರೆ, "ಪುಟ್ಟಣ್ಣ ಬರ್ಲಿ, ಕಾಯ್ತೀನಿ" ಎನ್ನುತ್ತಾರೆ. ಹನ್ನೊಂದರವರೆಗೂ ಕಾಫಿಯಿಲ್ಲದೆ ಕಾದು, ಕೊನೆಗೆ ಗೋಡೆಯ ಕಡೆ ಮುಖ ತಿರುಗಿಸಿ, ತೊಳಿ ಎನ್ನುತ್ತಾರೆ.