ಬಾಗಿಲು ಕೇಳಿಸಿಕೊಂಡ ಮಾತು

ರೊಪ್ಪೊಂಗಿ ಗುಡ್ಡ, ಟೋಕಿಯೊ
2214ನೇ ಇಸವಿ, ಯಾವ ತಿಂಗಳಿಗೂ ಸೇರದ ದಿನ, ಮಧ್ಯಾಹ್ನ

ನೀಲಗಂಗವ್ವನಿಗೆ,

ತಾರೀಖು ನೋಡಿ ಇದು ಯಾರದೋ ಕುಚೇಷ್ಟೆ ಎಂದುಕೊಳ್ಳಬೇಡ. ಬೇಸಿಗೆ ಉದ್ದವಾಗಿ ಹಳೆಯ ಲೆಕ್ಕದಲ್ಲಿ ಹಿಡಿಸದಾದಾಗ ಇಲ್ಲಿನವರು ವರ್ಷವನ್ನು ಇಪ್ಪತ್ತಾರು ದಿನಗಳ ಹದಿನಾಲ್ಕು ತಿಂಗಳಾಗಿ ಹೊಸದಾಗಿ ಕತ್ತರಿಸಿದರು. ಒಂದು ದಿನ ಉಳಿಯಿತು. ಅದನ್ನು ಚೂರು ದಿನ ಎನ್ನುತ್ತೇವೆ. ಅಂಗಿ ಹೊಲಿದ ಮೇಲೆ ಉಳಿಯುವ ಬಟ್ಟೆಯ ಚೂರಿನ ಹಾಗೆ. ಇವತ್ತು ಆ ದಿನ, ಮತ್ತು ಯಾರದೆಂದು ಜಗಳವಿರುವ ಕೋಣೆಗಳ ವಿಚಾರಣೆ ನಡೆಯುವುದು ಇವತ್ತೇ. ನಾನು ವಾರ್ಡ್ ಕಚೇರಿಯ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ನನ್ನ ಸಂಖ್ಯೆ ಎಪ್ಪತ್ತೊಂದು. ಈಗ ಅರವತ್ತನಾಲ್ಕು ಕರೆದರು.

ನನ್ನ ಹೆಸರು ಫಕೀರವ್ವ ಮೊರಿತಾ. ವಯಸ್ಸು ಹತ್ತೊಂಬತ್ತು. ನಿನ್ನಿಂದ ಏಳನೆಯ ತಲೆಮಾರು. ಬೆಟಗೇರಿಯಿಂದ ಬಂದು ರೊಪ್ಪೊಂಗಿಯ ಓಣಿಯಲ್ಲಿ ನೀನು ತೆರೆದ ಹೊಲಿಗೆ ಅಂಗಡಿಯಲ್ಲೇ ನಾನು ಹುಟ್ಟಿದೆ. ಬರೆಯುವ ಕನ್ನಡವನ್ನು ನಿನ್ನ ಟ್ರಂಕಿನಲ್ಲಿದ್ದ ಹಳೆಯ ವಾರಪತ್ರಿಕೆಗಳಿಂದ ಕಲಿತೆ, ಹಾಗಾಗಿ ಕೆಲವು ಮಾತು ನಿನಗೆ ವಿಚಿತ್ರವಾಗಿ ಕೇಳಿಸಬಹುದು. ಕ್ಷಮಿಸು. ನಿನ್ನನ್ನು ನೀವು ಎನ್ನಬೇಕೇ ಎಂದು ಬಹಳ ಹೊತ್ತು ಯೋಚಿಸಿದೆ. ಈ ಕಾಗದ ಸಿಗುವಾಗ ನಿನಗೆ ಮೂವತ್ತನಾಲ್ಕು ವರ್ಷ. ಆದರೂ ನಮ್ಮ ಮನೆಯಲ್ಲಿ ಹಿರಿಯ ಹೆಂಗಸರಿಗೆ ನೀನು ಎಂದೇ ಅನ್ನುತ್ತೇವೆ.

ಈ ಕಾಗದ ಹಿನ್ನಂಚೆಯಲ್ಲಿ ಬರುತ್ತದೆ. ಅದು ಹಿಂದಕ್ಕೆ ಮಾತ್ರ ಹೋಗುವ ಅಂಚೆ, ಉತ್ತರ ಬರುವುದಿಲ್ಲ. ಪ್ರತಿಯೊಬ್ಬರಿಗೂ ಜೀವಮಾನಕ್ಕೆ ಒಂದೇ ಕಾಗದ. ಹೆಚ್ಚಿನವರು ಪೂರ್ವಜರಿಗೆ ಎಲ್ಲಿ ಜಾಗ ಕೊಳ್ಳಬೇಕೆಂದು ಬರೆಯುತ್ತಾರಂತೆ. ಅಂಚೆಯವರು ಆ ಸಾಲುಗಳಿಗೆ ಮಸಿ ಹಚ್ಚಿ ಕಳಿಸುತ್ತಾರೆ. ನಾನು ನನ್ನ ಕಾಗದವನ್ನು ಒಂದೇ ಒಂದು ಶಬ್ದಕ್ಕಾಗಿ ಖರ್ಚು ಮಾಡುತ್ತಿದ್ದೇನೆ. ಅವ್ವನಿಗೆ ಗೊತ್ತಾದರೆ ಅದಕ್ಕೂ ಬೈಯುತ್ತಾಳೆ.

ರೊಪ್ಪೊಂಗಿ ಎಂದರೆ ಆರು ಮರ ಎಂದು ನಿನಗೆ ಯಾರಾದರೂ ಹೇಳಿರಬೇಕು. ಈಗ ಮರಗಳು ಕಟ್ಟಡಗಳ ಒಳಗಿವೆ, ಹೊರಗಿನ ಬಿಸಿಲಿಗೆ ಅವು ತಾಳುವುದಿಲ್ಲ. ಪೂರ್ವದ ತಗ್ಗು ಬಡಾವಣೆಗಳನ್ನು ಸಮುದ್ರ ತೆಗೆದುಕೊಂಡ ಮೇಲೆ ಅಲ್ಲಿನವರೆಲ್ಲ ಈ ಗುಡ್ಡ ಹತ್ತಿದರು. ನಿನ್ನ ಕಾಲದಲ್ಲಿ ಜನ ಕುಣಿಯಲು ಇಳಿಯುತ್ತಿದ್ದ ನೆಲಮಾಳಿಗೆಗಳು ಈಗ ನೀರಿನ ತೊಟ್ಟಿಗಳು. ಕುಣಿತ ಮಾತ್ರ ನಿಂತಿಲ್ಲ, ಮೇಲಿನ ಅಂತಸ್ತುಗಳಿಗೆ ಹೋಗಿದೆ. ಸದ್ದಿಗೆ ಅನುಮತಿ ಇಲ್ಲದ್ದರಿಂದ ನೆಲವೇ ತಾಳ ಹಾಕುತ್ತದೆ, ನಾವು ಪಾದದಿಂದ ಕೇಳುತ್ತೇವೆ. ವ್ಯಾಪಾರದವರು ಮಾತುಕತೆಗೆ ಅಲ್ಲಿಗೇ ಬರುತ್ತಾರೆ, ಏಕೆಂದರೆ ನೆಲ ನಡುಗುವ ಕಡೆ ಕಿವಿಗೋಡೆಗಳಿಗೆ ಏನೂ ಕೇಳಿಸುವುದಿಲ್ಲ. ಕಿವಿಗೋಡೆ ಎಂದರೆ ಆಡಿದ ಮಾತನ್ನು ಬರೆದಿಟ್ಟುಕೊಳ್ಳುವ ಗೋಡೆ. ಕಚೇರಿ, ಲಿಫ್ಟು, ಊರಬಾಗಿಲು, ಎಲ್ಲ ಕಡೆ ಇದೆ. ಸೂಟು ಹಾಕಿದ ಹಿರಿಯರು ಬೆವರುತ್ತ ಕುಣಿಯುತ್ತ ಒಬ್ಬರ ಕಿವಿಯಲ್ಲಿ ಒಬ್ಬರು ಪಿಸುಗುಟ್ಟುವುದನ್ನು ನೋಡಿದರೆ ನೀನು ನಗುತ್ತಿದ್ದೆ. ಅವರ ಸೂಟಿನ ಹರಿದ ಕಂಕುಳನ್ನು ಹೊಲಿದುಕೊಡುವವರು ನಾವೇ. ನೀನು ಬೆಳಿಗ್ಗೆ ಆಫೀಸಿನವರ ಪ್ಯಾಂಟು, ಸಂಜೆ ಕ್ಲಬ್ಬಿನ ಹುಡುಗಿಯರ ಮಿಂಚು ಲಂಗ ಹೊಲಿಯುತ್ತಿದ್ದೆಯಂತೆ. ಈಗ ಎರಡೂ ಒಂದೇ ಗಿರಾಕಿಯವು.

ಇನ್ನು ನನ್ನ ಕಷ್ಟ. ನಮ್ಮ ಅಂಗಡಿಯ ಕೋಣೆ ಇರುವುದು ನನ್ನ ಅಜ್ಜಿಯ ಹೆಸರಿನಲ್ಲಿ. ಅವಳನ್ನು ಆಯಿ ಎನ್ನುತ್ತೇವೆ. ಬಿಸಿಗೆ ಅವಳ ಶ್ವಾಸಕೋಶ ಸೋತಿತು. ನಾಲ್ಕು ವರ್ಷದ ಹಿಂದೆ ಉತ್ತರದ ದ್ವೀಪದ ತಂಪೂರಿಗೆ ಹೋದಳು. ಅಂಥವರು ತಿರುಗಿ ಬಂದರೆ ಉಸಿರಾಡಲಾರರು. ಗುಡ್ಡ ಬಿಡುವವರು ಊರಬಾಗಿಲಲ್ಲಿ ನಿಂತು ಒಂದು ಮಾತು ಹೇಳಿ ಹೋಗಬೇಕು, ಅದು ಕಾಯಿದೆ. ಜಪಾನಿನವರು ಮನೆಯಿಂದ ಹೊರಡುವಾಗ 'ಇತ್ತೆಕಿಮಾಸು' ಎನ್ನುತ್ತಾರೆ, ಹೋಗಿ ಬರುತ್ತೇನೆ ಎಂದರ್ಥ. ಪೂರ್ತಿ ಬಿಟ್ಟು ಹೋಗುವವರು 'ಸಯೊನಾರಾ' ಎನ್ನುತ್ತಾರೆ. ಮೊದಲನೆಯದನ್ನು ಹೇಳಿದವರ ಕೋಣೆ ಏಳು ವರ್ಷ ಅವರದ್ದೇ, ಮನೆಯವರು ಅದರಲ್ಲಿ ಇರಬಹುದು. ಎರಡನೆಯದನ್ನು ಹೇಳಿದವರ ಕೋಣೆ ಮರುದಿನವೇ ಮೆಟ್ಟಿಲಿನವರಿಗೆ ಹೋಗುತ್ತದೆ. ಮೆಟ್ಟಿಲಿನವರು ಎಂದರೆ ಕೋಣೆ ಸಿಗದೆ ಕಟ್ಟಡಗಳ ಮೆಟ್ಟಿಲುಗಳ ಮೇಲೆ ಹಾಸಿಗೆ ಹಾಸಿಕೊಂಡವರು.

ಆಯಿ ಬಾಗಿಲಲ್ಲಿ ನಿಂತು ಕನ್ನಡದಲ್ಲಿ ಹೇಳಿದಳು, "ಬರ್ತೇನವಾ."

ಬಾಗಿಲು ಅದನ್ನು 'ಇತ್ತೆಕಿಮಾಸು' ಎಂದು ಬರೆದುಕೊಂಡಿತು. ತಪ್ಪು ಅದರದ್ದಲ್ಲ. ಅಕ್ಷರಕ್ಕೆ ಅಕ್ಷರ ಹೊಂದುತ್ತದೆ. ಆದರೆ ನಮ್ಮ ಮನೆಯಲ್ಲಿ ಹೊಸ್ತಿಲು ದಾಟುವವರು ಹೋಗುತ್ತೇನೆ ಎನ್ನುವುದೇ ಇಲ್ಲ. ಅದು ಅಪಶಕುನ. ಇನ್ನೆಂದೂ ಬಾರದವರೂ ಬರ್ತೇನಿ ಎಂದೇ ಹೋಗುತ್ತಾರೆ. ಸಣ್ಣವಳಿದ್ದಾಗ ನಾನು ಒಮ್ಮೆ ಬಾಯಿ ತಪ್ಪಿ "ಹೋಗ್ತೇನಿ" ಎಂದಿದ್ದಕ್ಕೆ ಆಯಿ ನನ್ನನ್ನು ಒಳಗೆ ಕರೆದು, ನೀರು ಕುಡಿಸಿ, ಮತ್ತೆ ಹೊರಡಿಸಿದ್ದಳು.

ಹೊರಡುವ ದಿನ ಬೆಳಿಗ್ಗೆ ಅವಳು ನನ್ನ ಕೈಯಲ್ಲಿ ನಿನ್ನ ಕತ್ತರಿ ಇಟ್ಟಳು. "ಫಕೀರಿ, ನಾ ಇನ್ನ ಈ ಕಡಿ ಬರೂದಿಲ್ಲವಾ. ಕತ್ರಿ ನಿಂದು. ಇದರಾಗ ಕಾಗದ ಗೀಗದ ಕತ್ತರಿಸಿದ್ರ ಅಲ್ಲಿಂದನ ಬೈತೇನಿ," ಎಂದಳು. ಅದನ್ನು ಕೇಳಿದವಳು ನಾನೊಬ್ಬಳೇ. ಅಂಗಡಿಯಲ್ಲಿ ಕಿವಿಗೋಡೆ ಇಲ್ಲ.

ಈಗ ಆಯಿ ಪೂರ್ತಿ ಬಿಟ್ಟೇ ಹೋಗಿದ್ದಾಳೆಂದು ನಮ್ಮ ಕಟ್ಟಡದ ಮೆಟ್ಟಿಲಿನವರು ಈ ಕೋಣೆ ಕೇಳಿದ್ದಾರೆ. ರೊಸಾಲಿನ್ ಎಂಬಾಕೆ, ಅವಳ ಅತ್ತೆ, ನಾಲ್ಕು ಮಕ್ಕಳು. ಆರು ವರ್ಷದಿಂದ ಒಂಬತ್ತನೇ ಅಂತಸ್ತಿನ ತಿರುವಿನಲ್ಲಿ ಇದ್ದಾರೆ. ಜಗಳ ಬಂದಾಗ ಬಾಗಿಲಲ್ಲಿ ಹೋಗುವವರ ಪಕ್ಕದಲ್ಲಿ ನಿಂತಿದ್ದವರು ಆ ಮಾತಿನ ಅರ್ಥ ಹೇಳಬೇಕು. ಆಯಿಯನ್ನು ಈಗ ಕೇಳುವ ಹಾಗಿಲ್ಲ, ಹೋದ ಮೇಲಿನ ಮಾತಿಗೆ ಬೆಲೆಯಿಲ್ಲ. ಪಕ್ಕದಲ್ಲಿ ನಿಂತಿದ್ದವಳು ನಾನು. ಕೋಣೆ ಹೋದರೆ ಅವ್ವ ಮತ್ತು ನಾನು ಒಂಬತ್ತನೇ ತಿರುವಿಗೆ ಹೋಗಬೇಕು. ನಿನ್ನ ಹೊಲಿಗೆ ಯಂತ್ರಕ್ಕೆ ಅಲ್ಲಿ ಜಾಗವಿಲ್ಲ.

ಒಂದು ವಾರದಿಂದ ಅವ್ವ ನನಗೆ ಪಾಠ ಹೇಳುತ್ತಿದ್ದಾಳೆ.

"ನಿಂಗ ಸುಳ್ಳ ಹೇಳಂತ ಯಾರ ಅಂದಾರ? ಶಬ್ದದ ಅರ್ಥ ಅಷ್ಟ ಹೇಳು. ಬರ್ತೇನಿ ಅಂದ್ರ ಬರ್ತೇನಿ. ಮುಗೀತು."

"ಆಯಿ ಬರೂದಿಲ್ಲಂತ ನನಗ ಹೇಳ್ಯಾಳ."

"ಅದನ್ನ ಅವರು ಕೇಳ್ಯಾರೇನು? ಕೇಳಿದ್ದಕ್ಕ ಉತ್ತರ ಕೊಡು. ನಿನ್ನ ಖರೇತನ ಹಾಸ್ಕೊಂಡು ಮೆಟ್ಟಲ ಮ್ಯಾಲ ಮಲಗೂಣೇನು? ಸಾಲಿ ಬಿಟ್ಟಾಗೂ ಹಿಂಗ ಮಾಡಿದಿ."

ಅದು ನಿಜ. ನಮ್ಮ ಶಾಲೆಯಲ್ಲಿ ಪ್ರತಿ ಪಾಠದ ಕೊನೆಗೆ ಕಿವಿಗೋಡೆಯ ಮುಂದೆ ನಿಂತು 'ಅರ್ಥವಾಯಿತು' ಎನ್ನಬೇಕು. ಆಗ ಮಾತ್ರ ಮುಂದಿನ ಪಾಠ ತೆರೆಯುತ್ತದೆ. ನನಗೆ ಅರ್ಥವಾಗಿರಲಿಲ್ಲ. ಆಗಿಲ್ಲ ಎಂದೆ. ಅದೇ ಪಾಠ ನಲವತ್ತೊಂದು ಸಲ ಬಂತು. ಗೆಳತಿಯರು ಸುಮ್ಮನೆ ಹೇಳಿಬಿಡೇ ಎಂದರು. ನಲವತ್ತೆರಡನೇ ಸಲಕ್ಕೆ ಚೀಲ ತೆಗೆದುಕೊಂಡು ಎದ್ದು ಬಂದೆ. ಇದನ್ನು ದೊಡ್ಡಸ್ತಿಕೆಗೆ ಬರೆಯುತ್ತಿಲ್ಲ. ಒಂದೇ ಕಡೆ ಕೂರಲಾಗದ ನನ್ನ ಕಾಲುಗಳೂ ಅದಕ್ಕೆ ಕಾರಣ.

ಅವ್ವನ ಮಾತಿನಲ್ಲಿ ನನ್ನನ್ನು ಹೆದರಿಸುವುದು ಅದು ಸರಿಯಾಗಿರುವುದೇ. ಅವಳು ಹೇಳಿಕೊಟ್ಟದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ವಿಚಾರಣೆ ನಡೆಸುವ ಅಧಿಕಾರಿ ಕುರೋಕಿ-ಸಾನ್ ಕೂಡ ಅದನ್ನೇ ಬಯಸುತ್ತಾರೆ. ಮೊನ್ನೆ ಅಂಗಡಿಗೆ ಬಂದು, ನಿನ್ನ ಯಂತ್ರಕ್ಕೆ ಬಾಗಿ ವಂದಿಸಿ, ಜಪಾನಿ ಭಾಷೆಯಲ್ಲಿ ಹೇಳಿದರು, "ನಮ್ಮಲ್ಲೂ ನಿಮ್ಮಲ್ಲೂ ಒಂದೇ ಮಾತು ಇದೆಯಲ್ಲ, ಎಷ್ಟು ಸಂತೋಷ! ನೀವು ಹೌದು ಎಂದರೆ ಸಾಕು, ಫಕೀರವ್ವ-ಸಾನ್. ಎರಡು ನಿಮಿಷದ ಕೆಲಸ." ಅವರು ಒಳ್ಳೆಯವರು. ಒಳ್ಳೆಯವರಾದ್ದರಿಂದಲೇ ಅವರಿಗೆ ಅಲ್ಲ ಎನ್ನುವುದು ಇನ್ನೂ ಕಷ್ಟ.

ನಿನ್ನೆ ರೊಸಾಲಿನ್ ಬಂದಳು. ವಿಚಾರಣೆಯ ಮಾತು ಎತ್ತಲಿಲ್ಲ. ಒಂದು ಹಳೆಯ ಹಸಿರು ಪರದೆ ತಂದಿದ್ದಳು. "ಫಕೀ-ಚಾನ್, ಅಂಚು ಮಡಚಿ ಕೊಡ್ತೀಯಾ? ನಿನ್ನ ಹೊಲಿಗೆ ನಿನ್ನ ಬಾಯಿಯಷ್ಟು ಒರಟಲ್ಲ ಅಂತಾರೆ ಜನ."

"ಯಾವ ಕಿಟಕಿಗೆ?" ಎಂದೆ. ಮೆಟ್ಟಿಲಿನಲ್ಲಿ ಕಿಟಕಿ ಇಲ್ಲ.

"ಯಾವುದಾದರೂ ಒಂದಕ್ಕೆ," ಎಂದು ನಕ್ಕಳು. "ಅಗಲ ಐವತ್ತೆರಡು ಇಂಚು, ಉದ್ದ ಅರವತ್ತೇಳೂವರೆ."

ನಾನು ಟೇಪು ಎತ್ತಿಕೊಳ್ಳಲಿಲ್ಲ. ನನ್ನ ಬೆನ್ನ ಹಿಂದಿನ ಕಿಟಕಿಗೆ ನಾನೇ ಎರಡು ಸಲ ಪರದೆ ಹೊಲಿದಿದ್ದೇನೆ. ಆ ಅರ್ಧ ಇಂಚು ನನಗೆ ಗೊತ್ತು, ಅಲ್ಲಿ ಚೌಕಟ್ಟು ಒಂದು ಕಡೆ ಇಳಿದಿದೆ. ಅವಳು ಯಾವಾಗ ಅಳೆದಳೋ. ನನಗೆ ಸಿಟ್ಟು ಬಂತು. ಆಮೇಲೆ ಅವಳ ಕೈ ನೋಡಿದೆ. ಅಳತೆ ಹೇಳಿದ ಮೇಲೆ ಅದು ಪರದೆಯನ್ನು ಬಿಡಲೊಲ್ಲದೆ ಹಿಡಿದುಕೊಂಡಿತ್ತು.

ಅರವತ್ತೊಂಬತ್ತು ಕರೆದರು. ಬೇಗ ಬರೆಯುತ್ತೇನೆ.

ನಿನ್ನನ್ನು ಕೇಳಬೇಕಾದದ್ದು ಇದು. ಬೆಟಗೇರಿಯಲ್ಲಿ ಬಸ್ಸು ಹತ್ತುವಾಗ ನೀನೂ ನಿನ್ನ ಅವ್ವನಿಗೆ "ಬರ್ತೇನವಾ" ಎಂದೆಯಂತೆ. ಪ್ರತಿ ಯುಗಾದಿಗೆ ಆಕೆ ನಿನಗೊಂದು ತಾಟು ಹೆಚ್ಚು ಹಾಕುತ್ತಿದ್ದಳಂತೆ. ನೀನು ಹೋಗಲೇ ಇಲ್ಲ ಎಂದು ನಮ್ಮ ಮನೆಯಲ್ಲಿ ಈಗಲೂ ಹೇಳುತ್ತಾರೆ. ಆ ಮಾತು ಆಡುವಾಗ ನಿನ್ನ ಮನಸ್ಸಿನಲ್ಲಿ ಏನಿತ್ತು? ಬರುವೆನೆಂದೇ? ಅಥವಾ ಅವಳು ಅಳದಿರಲಿ ಎಂದೇ? ಉತ್ತರ ನನಗೆ ತಲುಪುವುದಿಲ್ಲ, ಗೊತ್ತು. ಆದರೆ ಅವಳು ಇನ್ನೂ ಇದ್ದರೆ ಅವಳಿಗೆ ಹೇಳು. ಹೋಗಿ ಹೇಳು, ಆಗದಿದ್ದರೆ ಫೋನು ಮಾಡಿ ಹೇಳು. ಇಷ್ಟೇ ನನ್ನ ಕೋರಿಕೆ. ತಾಟು ಹಾಕುವವರಿಗೆ ಅದು ಗೊತ್ತಿರಬೇಕು.

ರೊಸಾಲಿನ್ ತಂದ ಪರದೆ ನನ್ನ ಚೀಲದಲ್ಲಿದೆ. ಬೆಳಿಗ್ಗೆ ನಿನ್ನ ಯಂತ್ರದ ಮೇಲೇ ಹೊಲಿದೆ. ಒಂದು ಕಡೆ ಅರ್ಧ ಇಂಚು ಹೆಚ್ಚು ಬಿಟ್ಟಿದ್ದೇನೆ, ಇಳಿದ ಚೌಕಟ್ಟಿಗೆ ಸರಿಹೊಂದಲಿ ಎಂದು. ಅವ್ವ ಅದನ್ನು ನೋಡಿದಳು. ಈಗ ಪಕ್ಕದಲ್ಲೇ ಕುಳಿತಿದ್ದಾಳೆ, ಮುಖ ಆ ಕಡೆ ತಿರುಗಿಸಿಕೊಂಡು. ಆದರೆ ನನ್ನ ಸೆರಗಿನ ತುದಿ ಅವಳ ಮುಷ್ಟಿಯಲ್ಲಿದೆ.

ಎಪ್ಪತ್ತೊಂದು ಎಂದರು.

ನೀಲಗಂಗವ್ವಾ, ನೀರು ಕುಡಿಸಿ ಮತ್ತೆ ಹೊರಡಿಸಲು ಆಯಿ ಇಲ್ಲಿ ಇಲ್ಲ. ನಿನ್ನ ಕೋಣೆಗೆ ನಾನು ಇನ್ನು ತಿರುಗಿ ಬರುವುದಿಲ್ಲ, ಆದ್ದರಿಂದ ಬರ್ತೇನಿ ಎಂದು ಬರೆಯಲಾರೆ.

ಹೋಗ್ತೇನಿ.

ಫಕೀರವ್ವ